ಒಕಾನ್ಯಾ ಅಂದು ಜಾರಿ ಬೀಳದಿದ್ದರೆ? ಸೈಕಲ್ ರೇಸಿನ ‘ಹಾಗಾಗಿದ್ದರೆ’ಗಳು

ನಂದಿ ತಪ್ಪಲು (ಚಿಕ್ಕಬಳ್ಳಾಪುರ):

ಹಳೆಯ ಸೈಕಲ್ ರೇಸುಗಳಲ್ಲಿ ‘ಹಾಗಾಗಿದ್ದರೆ’ ಯಾರು ಗೆಲ್ಲುತ್ತಿದ್ದರು ಎಂದು ಭಾನುವಾರ ಬೆಟ್ಟ ಇಳಿದು ಇಡ್ಲಿ ತಿನ್ನುವಾಗ ಹುಟ್ಟಿದ ಜಗಳ ಇನ್ನೂ ತಣ್ಣಗಾಗಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮುಂದುವರಿಸಿದರೆ ಶುಭೋದಯದ ಚಿತ್ರಗಳ ನಡುವೆ ವಾದವೇ ಕಳೆದುಹೋಗುತ್ತದೆ. ಆದ್ದರಿಂದ ಇಲ್ಲಿಗೆ ತಂದಿದ್ದೇನೆ.

ಆಟದ ನಿಯಮ ಹೀಗಿದೆ. ಇತಿಹಾಸದಲ್ಲಿ ಒಂದೇ ಒಂದು ಘಟನೆಯನ್ನು ಬದಲಾಯಿಸಬಹುದು. ಬದಲಾಯಿಸಿದ ಮೇಲೆ ಎದುರಾಳಿ ಸುಮ್ಮನೆ ಕೂರುತ್ತಿದ್ದನೇ, ಏನು ಮಾಡುತ್ತಿದ್ದ ಎಂಬುದನ್ನೂ ಹೇಳಬೇಕು. ಸೆಕೆಂಡುಗಳನ್ನು ಕೂಡಿ ಕಳೆದು ‘ಇವನೇ ಗೆಲ್ಲುತ್ತಿದ್ದ’ ಎಂದು ತೀರ್ಪು ಕೊಟ್ಟು ಹೋಗುವುದನ್ನು ನಾನು ವಾದವೆಂದು ಒಪ್ಪುವುದಿಲ್ಲ.

ನನ್ನ ಆಯ್ಕೆ 1971ರ ಟೂರ್ ಡಿ ಫ್ರಾನ್ಸ್: ಸುಮಾರು ಮೂರು ವಾರ ದಿನಕ್ಕೊಂದು ಹಂತದಂತೆ ಓಡಿಸಿ ಪ್ಯಾರಿಸ್‌ನಲ್ಲಿ ಮುಗಿಸುವ ರೇಸ್, ಎಲ್ಲ ಹಂತ ಕೂಡಿಸಿ ಕಡಿಮೆ ಸಮಯ ತೆಗೆದುಕೊಂಡವನು ವಿಜೇತ. ಅದಕ್ಕೂ ಹಿಂದಿನ ಎರಡು ವರ್ಷ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಎದುರಿಲ್ಲದೆ ಗೆದ್ದಿದ್ದ. ಆ ವರ್ಷ ಓರ್ಸಿಯೇರ್-ಮೆರ್ಲೆತ್ ಹಂತದಲ್ಲಿ ಸ್ಪೇನ್‌ನ ಲೂಯಿಸ್ ಒಕಾನ್ಯಾ ಒಬ್ಬನೇ ಹೊರಟು ಮರ್ಕ್ಸ್‌ನನ್ನು 8 ನಿಮಿಷ 42 ಸೆಕೆಂಡ್ ಹಿಂದೆ ಬಿಟ್ಟ. ಮರ್ಕ್ಸ್‌ನಿಗೆ ಒಂದೇ ದಿನದಲ್ಲಿ ಇಷ್ಟು ಪೆಟ್ಟು ಕೊಟ್ಟವರು ಅಲ್ಲಿಯವರೆಗೆ ಇರಲಿಲ್ಲ. ಎಲ್ಲರೂ ಟೂರ್ ಮುಗಿಯಿತೆಂದುಕೊಂಡರು. ಮರ್ಕ್ಸ್ ಅಂದುಕೊಳ್ಳಲಿಲ್ಲ. ವಿಶ್ರಾಂತಿ ದಿನ ಕಳೆದು ಮಾರ್ಸೇಗೆ ಹೋಗುವ ಹಂತದಲ್ಲಿ ಬಾವುಟ ಬೀಸಿದ ಕೂಡಲೇ ದಾಳಿ ಮಾಡಿದ, ಇನ್ನೂರೈವತ್ತು ಕಿ.ಮೀ. ಅಟ್ಟಾಡಿಸಿ ಗಳಿಸಿದ್ದು ಸುಮಾರು ಎರಡು ನಿಮಿಷ. ಸವಾರರು ನಿಗದಿತ ಸಮಯಕ್ಕಿಂತ ಎಷ್ಟು ಮುಂಚೆ ಊರು ಸೇರಿದರೆಂದರೆ ನೋಡಲು ಬರಬೇಕಾಗಿದ್ದ ಮೇಯರ್‌ಗೆ ರೇಸೇ ಸಿಗಲಿಲ್ಲ.

ಜುಲೈ 12ರಂದು ಪಿರೆನೀಸ್ ಪರ್ವತದಲ್ಲಿ ಒಕಾನ್ಯಾ 7 ನಿಮಿಷ 23 ಸೆಕೆಂಡ್ ಮುಂದಿದ್ದ, ಮೈಮೇಲೆ ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿ. ಕೋಲ್ ದ ಮಾಂತೇ ಇಳಿಜಾರಿನಲ್ಲಿ ಆಲಿಕಲ್ಲಿನ ಬಿರುಮಳೆ, ರಸ್ತೆಯ ಮೇಲೆ ಕೆಸರು ನೀರು. ಒಂದು ತಿರುವಿನಲ್ಲಿ ಮೊದಲು ಜಾರಿದವನು ಮರ್ಕ್ಸ್. ಹಿಂದೆಯೇ ಒಕಾನ್ಯಾ ಜಾರಿದ. ಮರ್ಕ್ಸ್ ಎದ್ದು ಹೊರಟುಹೋದ. ಒಕಾನ್ಯಾ ಏಳುವಷ್ಟರಲ್ಲಿ ಹಿಂದಿನಿಂದ ಬಂದ ಜೂಪ್ ಜುಟೆಮೆಲ್ಕ್ ಅವನ ಮೇಲೆಯೇ ಬಂದು ಬಿದ್ದ. ಅಲ್ಲಿಗೆ ಆಸ್ಪತ್ರೆ. ಮರುದಿನ ಹಳದಿ ಅಂಗಿ ತೊಡಲು ಮರ್ಕ್ಸ್ ಒಪ್ಪಲಿಲ್ಲ.

ನನ್ನ ಪ್ರಕಾರ ಒಕಾನ್ಯಾ ಬೀಳದಿದ್ದರೆ ಪ್ಯಾರಿಸ್‌ವರೆಗೂ ಅಂಗಿ ಅವನ ಮೈಮೇಲೆಯೇ ಇರುತ್ತಿತ್ತು. ಉಳಿದಿದ್ದ ದಿನಗಳಲ್ಲಿ ಏಳು ನಿಮಿಷವನ್ನು ಮರ್ಕ್ಸ್ ಕೂಡ ತಿನ್ನಲಾರ. ಹೇಳಿ.

ಬಿ.ಬಿ. ರಸ್ತೆ ಸೈಕಲ್ ಅಂಗಡಿ:

ನಿಯಮ ಮಾಡಿದವರೇ ನಿಯಮ ಮುರಿದರಲ್ಲ! ‘ಬೀಳದಿದ್ದರೆ’ ಎಂದಿರಿ. ಬಿದ್ದದ್ದು ಏಕೆ ಎಂದು ಕೇಳಿದಿರಾ? ಆ ಇಳಿಜಾರಿನಲ್ಲಿ ಮರ್ಕ್ಸ್ ಬೇಕೆಂದೇ ಒತ್ತಡ ಹಾಕುತ್ತಿದ್ದ. ಮಳೆಯಲ್ಲಿ ಇಳಿಯುವುದರಲ್ಲಿ ತಾನು ಮೇಲು ಎಂಬುದು ಅವನಿಗೆ ಗೊತ್ತಿತ್ತು. ಏಳು ನಿಮಿಷ ಮುಂದಿರುವ ಒಕಾನ್ಯಾ ಬ್ರೇಕ್ ಹಿಡಿದು, ಒಂದು ನಿಮಿಷ ಬಿಟ್ಟುಕೊಟ್ಟು ಆರಾಮವಾಗಿ ಇಳಿಯಬಹುದಿತ್ತು. ಇಳಿಯಲಿಲ್ಲ. ಮರ್ಕ್ಸ್‌ನ ಹಿಂದಿನ ಚಕ್ರ ಬಿಡಲು ಅವನ ಅಭಿಮಾನ ಒಪ್ಪಲಿಲ್ಲ.

ನಂದಿಯ ಮೇಲಿನ ತಿರುವುಗಳಲ್ಲಿ ಮಂಜಿನ ದಿನ ಇಳಿದು ನೋಡಿ. ರಿಮ್ ಒದ್ದೆಯಾಗಿದ್ದರೆ ಬ್ರೇಕ್ ಒತ್ತಿದ ಮೇಲೂ ಚಕ್ರ ಒಂದಷ್ಟು ದೂರ ಹಿಡಿತವಿಲ್ಲದೆ ಉರುಳುತ್ತದೆ. ರಬ್ಬರ್ ನೀರನ್ನು ಒರೆಸಿ ಮುಗಿಸಿದ ಮೇಲೆ ಒಮ್ಮೆಲೇ ಕಚ್ಚುತ್ತದೆ. ಆ ಒಮ್ಮೆಲೇ ಕಚ್ಚುವುದೇ ಅಪಾಯ. 1971ರಲ್ಲಿ ಡಿಸ್ಕ್ ಬ್ರೇಕ್ ಇರಲಿಲ್ಲ. ಅಲ್ಯೂಮಿನಿಯಂ ರಿಮ್, ರಬ್ಬರ್ ಬಿರಡೆ, ಬೆರಳಗಲಕ್ಕಿಂತ ಸ್ವಲ್ಪವೇ ಹೆಚ್ಚಿನ ಟೈರ್. ಅಂಥ ಸೈಕಲ್‌ನಲ್ಲಿ ಆಲಿಕಲ್ಲಿನ ನಡುವೆ ಇನ್ನೊಬ್ಬನ ವೇಗಕ್ಕೆ ಇಳಿಯುವುದೆಂದರೆ ಸೋಲಿಗೆ ಸಹಿ ಹಾಕಿದಂತೆಯೇ. ಹಾಗಾಗಿ ಅದು ಮಳೆಯ ಕೆಲಸವಲ್ಲ, ಮರ್ಕ್ಸ್‌ನ ಕೆಲಸ. ಮಾಂತೇಯಲ್ಲಿ ಬೀಳದಿದ್ದರೆ ಮುಂದಿನ ಇಳಿಜಾರಿನಲ್ಲಿ ಬೀಳುತ್ತಿದ್ದ.

ಗೌರಿಬಿದನೂರು ಗಣಿತ:

ನಿವೃತ್ತ ಗಣಿತದ ಮೇಷ್ಟ್ರಿಗೆ ‘ಕೂಡಿ ಕಳೆಯಬೇಡಿ’ ಎಂದು ಹೇಳುವ ಧೈರ್ಯ ಮೆಚ್ಚಿದೆ. ಆದರೂ ಕೂಡಿ ಕಳೆಯುತ್ತೇನೆ. 1989ರ ಟೂರ್.

ಕೊನೆಯ ದಿನ ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಹಂತ. ಫ್ರಾನ್ಸ್‌ನ ಲೋರಾಂ ಫಿನ್ಯೋನ್ 50 ಸೆಕೆಂಡ್ ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಆ ದಿನ ಅವನಿಗಿಂತ 58 ಸೆಕೆಂಡ್ ಬೇಗ ಓಡಿಸಿ, ಮೂರು ಸಾವಿರ ಕಿ.ಮೀ.ಗೂ ಮೀರಿದ ರೇಸನ್ನು 8 ಸೆಕೆಂಡ್‌ನಿಂದ ಗೆದ್ದ. ಅವರ ವೇಗದಲ್ಲಿ 8 ಸೆಕೆಂಡ್ ಎಂದರೆ ಸುಮಾರು 120 ಮೀಟರ್. ನಮ್ಮ ಬಸ್ ನಿಲ್ದಾಣದ ಈ ತುದಿಯಿಂದ ಆ ತುದಿಗೆ ಎಂದುಕೊಳ್ಳಿ.

ಲೆಮಾಂಡ್‌ನ ಹ್ಯಾಂಡಲ್‌ಗೆ ಟ್ರಯಥ್ಲಾನ್‌ನವರು ಬಳಸುವ ಮುಂಚಾಚಿದ ಕೊಂಬುಗಳಿದ್ದವು, ತಲೆಯ ಮೇಲೆ ಗಾಳಿ ಸೀಳುವ ಹೆಲ್ಮೆಟ್. ಫಿನ್ಯೋನ್ ಬರಿತಲೆಯಲ್ಲಿ, ಜುಟ್ಟು ಗಾಳಿಗೆ ಬಿಟ್ಟು ಓಡಿಸಿದ. ಸಾಲದ್ದಕ್ಕೆ ಸೀಟಿನ ಜಾಗದಲ್ಲಿ ಹುಣ್ಣು, ಕೂರುವುದೇ ಕಷ್ಟವಾಗಿತ್ತು. ಒಂದೇ ಒಂದು ಬದಲಾವಣೆ ಕೊಡಿ: ಜುಟ್ಟು ಮುಚ್ಚಲು ಒಂದು ಹೆಲ್ಮೆಟ್. 24.5 ಕಿ.ಮೀ.ಗೆ ಎಂಟು ಸೆಕೆಂಡ್ ಉಳಿಯದೇ ಇರುತ್ತದೆಯೇ? ಉಳಿಯುತ್ತದೆ. ಫಿನ್ಯೋನ್ ಮೂರನೇ ಬಾರಿ ಟೂರ್ ಗೆದ್ದ. ಮುಗಿಯಿತು.

ಚಿಂತಾಮಣಿ ಚೈನು:

ಮೇಷ್ಟ್ರೇ, ಹೆಲ್ಮೆಟ್ ಹಾಕಿದರೆ ಹುಣ್ಣು ವಾಸಿಯಾಗುತ್ತದೆಯೇ?

ಗೌರಿಬಿದನೂರು ಗಣಿತ:

ತಮ್ಮಾ, ಹುಣ್ಣನ್ನು ನಾನು ಮುಟ್ಟಿಯೇ ಇಲ್ಲ. ಒಂದೇ ಬದಲಾವಣೆ ಎಂಬುದು ನಿಯಮ.

ಬಿ.ಬಿ. ರಸ್ತೆ ಸೈಕಲ್ ಅಂಗಡಿ:

ಮೇಷ್ಟ್ರ ಲೆಕ್ಕ ಸರಿ, ತಾರೀಖು ತಪ್ಪು. ಲೆಮಾಂಡ್ ಆ ಕೊಂಬುಗಳನ್ನು ಕೊನೆಯ ದಿನ ಚೀಲದಿಂದ ತೆಗೆದದ್ದಲ್ಲ. ಮೊದಲ ವಾರದಲ್ಲೇ ದಿನಾರ್‌ನಿಂದ ರೆನ್‌ಗೆ 73 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಅವನ್ನೇ ಹಿಡಿದು ಫಿನ್ಯೋನ್‌ಗಿಂತ 56 ಸೆಕೆಂಡ್ ಬೇಗ ಬಂದಿದ್ದ. ಅಂದಿನಿಂದ ಪ್ಯಾರಿಸ್‌ವರೆಗೆ ಫಿನ್ಯೋನ್‌ನ ತಂಡಕ್ಕೆ ಎರಡು ವಾರಕ್ಕೂ ಹೆಚ್ಚು ಸಮಯವಿತ್ತು. ಎದುರಾಳಿಯ ಕೈ ಎಲ್ಲಿದೆ, ಬೆನ್ನು ಎಷ್ಟು ಬಾಗಿದೆ ಎಂದು ಎಲ್ಲರೂ ಕಣ್ಣಾರೆ ಕಂಡಿದ್ದರು.

ಆ ಕೊಂಬುಗಳು ಮಾಡುವುದೇನೆಂದರೆ ಮೊಣಕೈಗಳನ್ನು ಎದೆಯ ಮುಂದೆ ಒಟ್ಟಿಗೆ ತರುತ್ತವೆ. ಸಾಮಾನ್ಯ ಹ್ಯಾಂಡಲ್ ಹಿಡಿದಾಗ ಎದೆ ತೆರೆದ ಬಾಗಿಲು, ಗಾಳಿ ನೇರ ಒಳಗೆ. ಗಂಟೆಗೆ 50 ಕಿ.ಮೀ. ದಾಟಿದ ಮೇಲೆ ಸವಾರ ತುಳಿಯುವ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ ಸ್ವಲ್ಪ ಏರಿದರೂ ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. ಇದನ್ನು ಮೇಷ್ಟ್ರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಲೆಮಾಂಡ್ ಅಂದು ಸರಾಸರಿ 54.5 ಕಿ.ಮೀ.ಗೂ ಮೇಲೆ ಓಡಿಸಿದ.

ಈಗ ನಿಯಮದ ಎರಡನೇ ಭಾಗ. ಫಿನ್ಯೋನ್ ಹೆಲ್ಮೆಟ್ ಹಾಕಿ, ಕೊಂಬು ಕಟ್ಟಿಕೊಂಡು ಬಂದಿದ್ದರೆ ಲೆಮಾಂಡ್ ಏನು ಮಾಡುತ್ತಿದ್ದ? ಅವನಿಗೆ ಅದಕ್ಕೂ ಮುಂಚಿನ ಆಲ್ಪ್ ದ್ಯುಯೆಜ್ ಪರ್ವತದ ಹಂತದಲ್ಲೇ ಎಚ್ಚರವಾಗಿರುತ್ತಿತ್ತು. ಅಲ್ಲಿ ಲೆಮಾಂಡ್ ಸುಸ್ತಾಗಿದ್ದನ್ನು ಅವನ ಹೆಗಲ ಅಲುಗಾಟದಿಂದಲೇ ಗುರುತಿಸಿ ಫಿನ್ಯೋನ್‌ನನ್ನು ಛೂ ಬಿಟ್ಟದ್ದು ತಂಡದ ಮ್ಯಾನೇಜರ್ ಸಿರಿಲ್ ಗಿಮಾರ್. ಗಿಮಾರ್ ಹಿಂದೆ ಲೆಮಾಂಡ್‌ಗೂ ಮ್ಯಾನೇಜರ್ ಆಗಿದ್ದವನು. ಫಿನ್ಯೋನ್ ಮತ್ತು ಲೆಮಾಂಡ್ ಒಂದೇ ತಂಡದಲ್ಲಿ ಪಳಗಿದವರು. 1984ರ ಟೂರ್‌ನಲ್ಲಿ ಒಬ್ಬ ಮೊದಲನೆಯವನಾದರೆ ಇನ್ನೊಬ್ಬ ಮೂರನೆಯವನು. ಇಂಥವರ ನಡುವೆ ಒಂದು ಸಾಮಾನು ಬದಲಾದರೆ ಇಡೀ ಆಟದ ನಡೆ ಬದಲಾಗುತ್ತದೆ.

ಶಿಡ್ಲಘಟ್ಟ ಗೂಡು:

ಎಲ್ಲರೂ 1989ರ ಎಂಟು ಸೆಕೆಂಡ್ ಹಿಡಿದುಕೊಂಡು ಜಗ್ಗುತ್ತಿದ್ದೀರಿ. ನಾಲ್ಕು ಸೆಕೆಂಡ್ ಯಾರಿಗೂ ನೆನಪಿಲ್ಲವೇ? ಮಹಿಳೆಯರ ರೇಸ್ ಎಂದೋ?

2024ರ ಮಹಿಳಾ ಟೂರ್. ಡೆಮಿ ವೊಲ್ಲರಿಂಗ್ ಹಳದಿ ಅಂಗಿಯಲ್ಲಿದ್ದಳು. ಐದನೇ ಹಂತ, ಅಮ್ನೆವಿಲ್ ಇನ್ನೇನು ಆರೇಳು ಕಿ.ಮೀ. ಇದೆ ಎನ್ನುವಾಗ ಗುಂಪು ಬಿದ್ದಿತು, ಅದರಲ್ಲಿ ಅವಳೂ ಬಿದ್ದಳು. ಎದ್ದು ಸೈಕಲ್ ಹತ್ತಿ ಗುರಿ ಮುಟ್ಟುವಷ್ಟರಲ್ಲಿ 1 ನಿಮಿಷ 47 ಸೆಕೆಂಡ್ ಕಳೆದುಹೋಗಿತ್ತು. ಅವಳದೇ ತಂಡದ ಬ್ಲಾಂಕಾ ವಾಶ್ ಅದೇ ದಿನ ಮುಂದೆ ಹಂತ ಗೆದ್ದಳು. ನಾಯಕಿ ಹಿಂದೆ ಒಬ್ಬಳೇ ತುಳಿಯುತ್ತಿದ್ದಾಳೆ, ತಂಡ ಮುಂದೆ ಕೈ ಎತ್ತುತ್ತಿದೆ. ಆ ದೃಶ್ಯ ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಕೊನೆಯ ದಿನ ಆಲ್ಪ್ ದ್ಯುಯೆಜ್. ಈಗ ಹಳದಿ ಅಂಗಿಯಲ್ಲಿದ್ದ ಪೋಲೆಂಡ್‌ನ ಕಾಸಿಯಾ ನೀವ್ಯಾದೋಮಾಗಿಂತ ವೊಲ್ಲರಿಂಗ್ 1 ನಿಮಿಷ 15 ಸೆಕೆಂಡ್ ಹಿಂದೆ. ಹಿಂದಿನ ಪರ್ವತ ಗ್ಲಾಂಡೋನ್‌ನಲ್ಲೇ ದಾಳಿ ಮಾಡಿ ಹೊರಟಳು, ಹಂತವನ್ನೂ ಗೆದ್ದಳು, ಒಟ್ಟು ಸಮಯದಿಂದ ಕಳೆಯುವ 10 ಸೆಕೆಂಡ್ ಬೋನಸ್ ಬಂತು. ನೀವ್ಯಾದೋಮಾ 1 ನಿಮಿಷ 1 ಸೆಕೆಂಡ್ ತಡವಾಗಿ ಬಂದಳು. 75ರಲ್ಲಿ 61 ಕಳೆಯಿರಿ, 10 ಕಳೆಯಿರಿ. ನಾಲ್ಕು. ಮೇಷ್ಟ್ರಿಗೆ ಪ್ರಿಯವಾದ ಎಂಟರ ಅರ್ಧ. ಪುರುಷರ ಟೂರ್ ಸೇರಿಸಿದರೂ ಇಷ್ಟು ಕಡಿಮೆ ಅಂತರ ಹಿಂದೆ ಇರಲಿಲ್ಲ.

ನನ್ನ ಒಂದು ಬದಲಾವಣೆ: ಆ ದಿನ ತಂಡದ ಇಬ್ಬರು ಹಿಂದೆ ನಿಂತು ಅವಳನ್ನು ಎಳೆದುಕೊಂಡು ಬರಬೇಕಿತ್ತು. ಬೀಳಲಿ, ಬಿದ್ದದ್ದು ಬಿದ್ದಂತೆಯೇ ಇರಲಿ. ಇಬ್ಬರ ಗಾಳಿ ಮರೆ ಸಿಕ್ಕಿದ್ದರೆ ಅರ್ಧ ನಿಮಿಷವಾದರೂ ಉಳಿಯುತ್ತಿತ್ತು. ಬೆಳಿಗ್ಗೆ ಗೂಡಿನ ಬುಟ್ಟಿಗಳನ್ನು ಹೇರಿಕೊಂಡು ಮಾರುಕಟ್ಟೆಗೆ ಬರುವ ಗಾಡಿಯ ಹಿಂದೆ ಒಂದು ಕಿ.ಮೀ. ಸೈಕಲ್ ತುಳಿದವರಿಗೆ ಗಾಳಿ ಮರೆ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. (ಚಿಂತಾಮಣಿ ತಮ್ಮ, ನೀನು ಇದನ್ನು ಪ್ರಯತ್ನಿಸಬೇಡ.)

ನಂದಿ ತಪ್ಪಲು:

ಅಕ್ಕಾ, ಇದು ಇಲ್ಲಿಯವರೆಗಿನ ಅತ್ಯುತ್ತಮ ವಾದ. ಆದರೆ ಎರಡನೇ ಭಾಗ ಬಾಕಿ. ವೊಲ್ಲರಿಂಗ್ ಅರ್ಧ ನಿಮಿಷ ಉಳಿಸಿಕೊಂಡಿದ್ದರೆ ನೀವ್ಯಾದೋಮಾ ಕೊನೆಯ ದಿನ ಏನು ಮಾಡುತ್ತಿದ್ದಳು?

ಶಿಡ್ಲಘಟ್ಟ ಗೂಡು:

ಗ್ಲಾಂಡೋನ್‌ನಲ್ಲಿ ವೊಲ್ಲರಿಂಗ್ ಹೋದಾಗ ಅವಳಿಗೆ ತನ್ನದೇ ಗತಿಯಲ್ಲಿ ಬರಲು 75 ಸೆಕೆಂಡ್‌ನ ಠೇವಣಿ ಇತ್ತು. ಠೇವಣಿ 45 ಆಗಿದ್ದರೆ ಬಹುಶಃ ಅಲ್ಲೇ ಬೆನ್ನು ಹತ್ತುತ್ತಿದ್ದಳು, ಬೆನ್ನು ಹತ್ತಿ ಆಲ್ಪ್ ದ್ಯುಯೆಜ್‌ನ ಅರ್ಧದಲ್ಲಿ ಬಸವಳಿಯುತ್ತಿದ್ದಳು. ಅಥವಾ ಹಿಡಿದೂ ಬಿಡುತ್ತಿದ್ದಳು. ಕೊನೆಯ ಕಿ.ಮೀ.ನಲ್ಲಿ ಆಕೆ ತುಳಿದ ರೀತಿ ನೋಡಿದವಳು ನಾನು. ನೀವ್ಯಾದೋಮಾ ಸೋಲುತ್ತಿದ್ದಳು ಎಂದು ಪ್ರಮಾಣ ಮಾಡಲು ನನಗೂ ಮನಸ್ಸಿಲ್ಲ. ನನ್ನ ಸಿಟ್ಟು ಅವಳ ಮೇಲಲ್ಲ, ಆ ತಂಡದ ಮೇಲೆ.

ಚಿಂತಾಮಣಿ ಚೈನು:

ಸತ್ತವರನ್ನು, ನಿವೃತ್ತರಾದವರನ್ನು ಬಿಟ್ಟು ಈಗ ಓಡಿಸುತ್ತಿರುವವರ ಕಡೆ ಬನ್ನಿ. ಸ್ಲೊವೇನಿಯಾದ ಪೊಗಾಚಾರ್ ಮತ್ತು ಡೆನ್ಮಾರ್ಕ್‌ನ ವಿಂಗೆಗಾರ್ಡ್. ಇಷ್ಟು ಸರಿಸಮನಾದ ‘ಹಾಗಾಗಿದ್ದರೆ’ ಬೇರೆ ಯಾವ ಜೋಡಿಗೂ ಇಲ್ಲ.

2023ರ ಏಪ್ರಿಲ್‌ನಲ್ಲಿ ಲಿಯೇಜ್ ರೇಸಿನಲ್ಲಿ ಬಿದ್ದು ಪೊಗಾಚಾರ್ ಮಣಿಕಟ್ಟು ಮುರಿದುಕೊಂಡ. ಜುಲೈನಲ್ಲಿ ಟೂರ್. ಎರಡು ವಾರ ಸಮಬಲ, ಅಂತರ ಬರೀ 10 ಸೆಕೆಂಡ್. ಆಮೇಲೆ ಕೊಂಬ್ಲೂ ಟೈಮ್ ಟ್ರಯಲ್‌ನಲ್ಲಿ 1 ನಿಮಿಷ 38 ಸೆಕೆಂಡ್ ಸೋತ, ಮರುದಿನ ಕೋಲ್ ದ ಲಾ ಲೋಜ್ ಏರುವಾಗ ಪೂರಾ ಕುಸಿದ. ಒಟ್ಟು ಅಂತರ ಏಳು ನಿಮಿಷ ದಾಟಿತು.

2024ರ ಏಪ್ರಿಲ್‌ನಲ್ಲಿ ಸರದಿ ವಿಂಗೆಗಾರ್ಡ್‌ನದು. ಬಾಸ್ಕ್ ನಾಡಿನ ರೇಸಿನಲ್ಲಿ ಬಿದ್ದು ಕಾಲರ್ ಮೂಳೆ, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟು. ಮೂರು ತಿಂಗಳೊಳಗೆ ಟೂರ್‌ಗೆ ಬಂದು ಎರಡನೆಯವನಾದ. ಪೊಗಾಚಾರ್ 6 ನಿಮಿಷ 17 ಸೆಕೆಂಡ್ ಮುಂದೆ. ಎರಡೂ ಏಪ್ರಿಲ್‌ಗಳನ್ನು ಅಳಿಸಿದರೆ ಎರಡೂ ಟೂರ್ ತಿರುವುಮುರುವಾಗುತ್ತಿದ್ದವೇ? ನಾನು ಪೊಗಾಚಾರ್ ಅಭಿಮಾನಿ. ಆದರೂ 2024ರ ಲ ಲಿಯೋರಾನ್ ಹಂತದಲ್ಲಿ, ಅಷ್ಟು ಗಾಯದ ಮೇಲೂ, ವಿಂಗೆಗಾರ್ಡ್ ಅವನನ್ನು ಬೆನ್ನಟ್ಟಿ ಹಿಡಿದು ಸ್ಪ್ರಿಂಟ್‌ನಲ್ಲಿ ಸೋಲಿಸಿದ್ದನ್ನು ನೋಡಿ ಎದೆ ಧಸಕ್ಕೆಂದಿತ್ತು. ಪೂರ್ಣ ಆರೋಗ್ಯದಲ್ಲಿದ್ದಿದ್ದರೆ?

ಗೌರಿಬಿದನೂರು ಗಣಿತ:

ಎರಡು ಬದಲಾವಣೆ ಕೇಳುತ್ತಿದ್ದೀಯ, ನಿಯಮಬಾಹಿರ. ಉತ್ತರ 2025ರಲ್ಲಿ ಸಿಕ್ಕಿದೆ. ಏಪ್ರಿಲ್‌ನಲ್ಲಿ ಇಬ್ಬರ ಮೂಳೆಯೂ ಮುರಿದಿರಲಿಲ್ಲ. ಪೊಗಾಚಾರ್ ಒತಾಕಾಮ್ ಒಂದೇ ಏರಿನಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಗಳಿಸಿ, ಕೊನೆಗೆ 4 ನಿಮಿಷ 24 ಸೆಕೆಂಡ್‌ನಿಂದ ಗೆದ್ದ.

ಚಿಂತಾಮಣಿ ಚೈನು:

2025ರ ಪೊಗಾಚಾರ್ 2023ರ ಪೊಗಾಚಾರ್ ಅಲ್ಲ ಮೇಷ್ಟ್ರೇ. 2022ರಲ್ಲಿ ಗ್ರಾನೋನ್ ಏರಿನಲ್ಲಿ, 2023ರಲ್ಲಿ ಲೋಜ್‌ನಲ್ಲಿ ತಿಂದ ಪೆಟ್ಟಿನಿಂದಲೇ ಅವನು ಬದಲಾದ. ಮೊದಲೆಲ್ಲ ಸಿಕ್ಕಸಿಕ್ಕ ದಾಳಿಗೆಲ್ಲ ತಾನೇ ಉತ್ತರ ಕೊಡುತ್ತಿದ್ದ. ಗ್ರಾನೋನ್ ದಿನ ವಿಂಗೆಗಾರ್ಡ್ ಮತ್ತು ಅವನ ತಂಡದ ರೊಗ್ಲಿಚ್ ಇಬ್ಬರೂ ಸರದಿಯ ಮೇಲೆ ದಾಳಿ ಮಾಡಿ ಅವನನ್ನು ಬರಿದು ಮಾಡಿದರು. ಕೊನೆಯ ಏರಿನಲ್ಲಿ ಅಂಗಿಯ ಜಿಪ್ ಪೂರ್ತಿ ಬಿಚ್ಚಿ ತೂರಾಡುತ್ತಾ ಬಂದ. ರೊಗ್ಲಿಚ್‌ಗೆ ಪೊಗಾಚಾರ್ ಮೇಲೆ ಹಳೆಯ ಬಾಕಿಯೂ ಇತ್ತು. 2020ರಲ್ಲಿ ಕೊನೆಯ ಟೈಮ್ ಟ್ರಯಲ್‌ಗೆ ಮುಂಚೆ 57 ಸೆಕೆಂಡ್ ಮುಂದಿದ್ದವನು 59 ಸೆಕೆಂಡ್‌ನಿಂದ ಸೋತಿದ್ದನಲ್ಲ. ಹಾಗಾಗಿ ನನ್ನ ಒಂದೇ ಬದಲಾವಣೆ: ವಿಂಗೆಗಾರ್ಡ್ ಸೈಕಲ್ ರೇಸಿಗೆ ಬರದೆ ಡೆನ್ಮಾರ್ಕ್‌ನ ಮೀನು ಕಾರ್ಖಾನೆಯಲ್ಲೇ ಉಳಿದಿದ್ದರೆ (ಅಲ್ಲಿ ಕೆಲಸ ಮಾಡಿದವನೇ ಅವನು) ಪೊಗಾಚಾರ್ ಬಹುಶಃ ಆರು ಟೂರ್ ಗೆದ್ದಿರುತ್ತಿದ್ದ, ಆದರೆ ಈಗಿನಷ್ಟು ಒಳ್ಳೆಯ ಸವಾರ ಆಗಿರುತ್ತಿರಲಿಲ್ಲ.

ನಂದಿ ತಪ್ಪಲು:

ಇದನ್ನೇ ನಾನು ಕೇಳುತ್ತಿದ್ದದ್ದು. ಎದುರಾಳಿಯನ್ನು ಅಳಿಸಿದರೆ ಸವಾರನೂ ಅರ್ಧ ಅಳಿಸಿಹೋಗುತ್ತಾನೆ.

ಬಾಗೇಪಲ್ಲಿ ಹೆದ್ದಾರಿ:

ತಡವಾಗಿ ಬಂದೆ. ನನ್ನದು ಒಂದು ನಾಯಿ.

1940ರ ಜಿರೊ ಡಿ ಇಟಾಲಿಯಾ, ಟೂರ್‌ನಂಥದ್ದೇ ಇಟಲಿಯ ರೇಸ್. ಜಿನೊ ಬಾರ್ತಾಲಿ ತಂಡದ ನಾಯಕ, 1938ರ ಟೂರ್ ವಿಜೇತ. ಅವನ ಸೇವೆಗೆಂದು ಲೆನ್ಯಾನೊ ತಂಡ ಇಪ್ಪತ್ತು ವರ್ಷದ ಒಬ್ಬ ಸಣಕಲು ಹುಡುಗನನ್ನು ತಂದಿತ್ತು. ಎರಡನೇ ದಿನ ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು, ಬಾರ್ತಾಲಿ ಬಿದ್ದು ಗಾಯಗೊಂಡ. ರೇಸ್ ಗೆದ್ದದ್ದು ಆ ಹುಡುಗ, ಫೌಸ್ತೊ ಕೊಪ್ಪಿ. ನಾಯಿ ಬರದಿದ್ದರೆ ಕೊಪ್ಪಿ ಆ ಮೂರು ವಾರ ಬಾರ್ತಾಲಿಗೆ ನೀರಿನ ಬಾಟಲಿ ತಂದುಕೊಡುತ್ತಾ ಕಳೆಯುತ್ತಿದ್ದ. ಮರುವರ್ಷದಿಂದ ಯುದ್ಧಕ್ಕಾಗಿ ಜಿರೊ ನಿಂತಿತು, 1946ರವರೆಗೆ ಇಲ್ಲ. ಕೊಪ್ಪಿ ಸೈನಿಕನಾಗಿ ಹೋಗಿ ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ. 1940ರ ಆ ಗೆಲುವು ಇಲ್ಲದಿದ್ದರೆ ಯುದ್ಧ ಮುಗಿಸಿ ಬಂದವನನ್ನು ಯಾವ ತಂಡ ಬಾರ್ತಾಲಿಯ ಎದುರು ನಾಯಕನಾಗಿ ನಿಲ್ಲಿಸುತ್ತಿತ್ತು? ಇಟಲಿಯನ್ನೇ ಎರಡು ಪಾಳಯ ಮಾಡಿದ ಪೈಪೋಟಿಯ ಮೂಲಪುರುಷ ಆ ನಾಯಿ.

ನಮ್ಮ ಕಡೆ ನಾಯಿ ಅಡ್ಡ ಬಂದರೆ ಮೊಣಕಾಲು ಒಡೆಯುತ್ತದೆ, ಅಷ್ಟೇ. ಯಾರೂ ಕೊಪ್ಪಿ ಆಗುವುದಿಲ್ಲ.

ಶಿಡ್ಲಘಟ್ಟ ಗೂಡು:

ಬಾರ್ತಾಲಿಯ ಕಡೆಯಿಂದಲೂ ನೋಡಿ. 1938ರಲ್ಲಿ ಒಂದು ಟೂರ್, 1948ರಲ್ಲಿ ಇನ್ನೊಂದು. ನಡುವಿನ ಹತ್ತು ವರ್ಷಗಳಲ್ಲಿ ಏಳು ವರ್ಷ ಟೂರ್ ನಡೆಯಲೇ ಇಲ್ಲ. 24ಕ್ಕೂ ಗೆದ್ದ, 34ಕ್ಕೂ ಗೆದ್ದ. ಮಧ್ಯದ್ದು ಯುದ್ಧದ ಪಾಲು.

ನಂದಿ ಮಂಜು:

ಆರ್ಮ್‌ಸ್ಟ್ರಾಂಗ್ ಬಗ್ಗೆ ಒಬ್ಬರೂ ಏಕೆ ಬರೆಯುತ್ತಿಲ್ಲ? ಉಲ್ರಿಚ್ ಜೊತೆಗಿನ ಪೈಪೋಟಿ ಸಾಮಾನ್ಯವೇ?

ನಂದಿ ತಪ್ಪಲು:

ಉದ್ದೀಪನ ಮದ್ದಿನ ಕಾರಣಕ್ಕೆ ಆರ್ಮ್‌ಸ್ಟ್ರಾಂಗ್‌ನ ಗೆಲುವುಗಳನ್ನೆಲ್ಲ ಅಳಿಸಿದ್ದರಿಂದ ಟೂರ್‌ನ 1999ರಿಂದ 2005ರವರೆಗಿನ ಪಟ್ಟಿಯಲ್ಲಿ ವಿಜೇತನ ಜಾಗವೇ ಖಾಲಿ ಇದೆ. ಖಾಲಿ ಜಾಗದ ಮೇಲೆ ‘ಹಾಗಾಗಿದ್ದರೆ’ ಕಟ್ಟಲು ಒಂದು ಬದಲಾವಣೆ ಸಾಲದು, ನೂರು ಜನರ ರಕ್ತ ಬದಲಾಯಿಸಬೇಕು. ಬೇರೆ ಎಳೆ ತೆರೆಯಿರಿ, ಬರುತ್ತೇನೆ.

ಬಿ.ಬಿ. ರಸ್ತೆ ಸೈಕಲ್ ಅಂಗಡಿ:

ಹಾಗಾದರೆ 2010ರಲ್ಲಿ ಆ್ಯಂಡಿ ಶ್ಲೆಕ್‌ನ ಚೈನ್ ಕೂಡ ಅದೇ ಗತಿ. ಪೋರ್ ದ ಬಾಲೆಸ್ ಏರಿನಲ್ಲಿ ದಾಳಿಗೆಂದು ಎದ್ದು ತುಳಿದ, ಚೈನ್ ಕಳಚಿತು, ಕೊಂಟಾಡೋರ್ ನಿಲ್ಲದೆ ಹೋದ, 39 ಸೆಕೆಂಡ್ ನಷ್ಟ. ಪ್ಯಾರಿಸ್‌ನಲ್ಲಿ ಸೋತದ್ದೂ ಸರಿಯಾಗಿ 39 ಸೆಕೆಂಡ್‌ನಿಂದ. ಆಮೇಲೆ ಮದ್ದಿನ ಕಾರಣಕ್ಕೇ ಕೊಂಟಾಡೋರ್‌ನ ಪ್ರಶಸ್ತಿ ಕಿತ್ತುಕೊಂಡು ಶ್ಲೆಕ್‌ಗೆ ಕೊಟ್ಟರು. ವಿಚಿತ್ರವೆಂದರೆ ಆ ಹಂತ ಮುಗಿದದ್ದು ಲುಶೋನ್ ಊರಿನಲ್ಲಿ, 1971ರಲ್ಲಿ ಒಕಾನ್ಯಾ ತಲುಪದೇ ಹೋದ ಊರು.

ಗೌರಿಬಿದನೂರು ಗಣಿತ:

ಕೊನೆಯ ಬಾಣ. ಇದಕ್ಕೆ ಯಾರೂ ಉತ್ತರ ಕೊಡಲಾರಿರಿ. 1964ರ ಟೂರ್, ಫ್ರಾನ್ಸ್‌ನವರೇ ಆದ ಆಂಕ್ತೀಲ್ ಮತ್ತು ಪೂಲಿದೋರ್. ಒಂಬತ್ತನೇ ಹಂತ ಮೊನಾಕೊದ ಟ್ರ್ಯಾಕ್‌ನಲ್ಲಿ ಮುಗಿಯಬೇಕಿತ್ತು. ಪೂಲಿದೋರ್ ಒಂದು ಸುತ್ತು ಬಾಕಿ ಇರುವಾಗಲೇ ಗುರಿ ಬಂತೆಂದು ಸ್ಪ್ರಿಂಟ್ ಮಾಡಿಬಿಟ್ಟ. ಹಂತ ಗೆದ್ದದ್ದು ಆಂಕ್ತೀಲ್, ಜೊತೆಗೆ ಒಂದು ನಿಮಿಷ ಬೋನಸ್. ಪ್ಯಾರಿಸ್‌ನಲ್ಲಿ ಇಬ್ಬರ ಅಂತರ 55 ಸೆಕೆಂಡ್. ಎಂಟು ಬಾರಿ ಟೂರ್ ವೇದಿಕೆಯ ಮೇಲೆ ನಿಂತ ಪೂಲಿದೋರ್ ಒಂದು ದಿನವೂ ಹಳದಿ ಅಂಗಿ ತೊಡಲಿಲ್ಲ. ಅದನ್ನು 2021ರಲ್ಲಿ ಮೊಮ್ಮಗ ಮಾಥ್ಯೂ ವಾನ್ ಡರ್ ಪೂಲ್ ತೊಟ್ಟಾಗ ತಾತ ಇರಲಿಲ್ಲ.

ನಂದಿ ತಪ್ಪಲು:

ಆ ನಿಮಿಷ ಕೈಯಲ್ಲಿಲ್ಲದಿದ್ದರೆ ಆಂಕ್ತೀಲ್ ಪ್ಯುಯಿ ದ ಡೋಮ್ ಬೆಟ್ಟದ ಮೇಲೆ ಬೇರೆ ರೀತಿ ಓಡಿಸುತ್ತಿದ್ದ. ಅಂದು 56 ಸೆಕೆಂಡ್ ಮುಂದಿದ್ದುದರಿಂದಲೇ ಅವನು ಹಿಂದೆ ಬೀಳದೆ ಪೂಲಿದೋರ್‌ನ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗಿಸಿ ಹತ್ತಿದ. ಒಳಗೆ ಜೀವ ಹೋಗುತ್ತಿದ್ದರೂ ಮುಖದಲ್ಲಿ ತೋರಿಸಲಿಲ್ಲ. ಪೂಲಿದೋರ್ ನಂಬಿದ, ಕೊನೆಯ ಕಿ.ಮೀ. ಬರುವವರೆಗೆ ದಾಳಿ ಮಾಡಲಿಲ್ಲ. ಆಂಕ್ತೀಲ್ 42 ಸೆಕೆಂಡ್ ಕಳೆದುಕೊಂಡು 14 ಸೆಕೆಂಡ್‌ನಿಂದ ಅಂಗಿ ಉಳಿಸಿಕೊಂಡ. ಅಂಗಿ ಮೊದಲೇ ಪೂಲಿದೋರ್ ಮೈಮೇಲಿದ್ದಿದ್ದರೆ ಈ ನಾಟಕವೇ ಬೇಕಿರಲಿಲ್ಲ; ದಾಳಿ ಮಾಡುವ ಸರದಿ ಆಂಕ್ತೀಲ್‌ನದಾಗುತ್ತಿತ್ತು. ಮಾಡಲು ಅವನಿಗೆ ಕೊನೆಯ ದಿನದ ಟೈಮ್ ಟ್ರಯಲ್ ಇತ್ತು, ಅದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ಬಿ.ಬಿ. ರಸ್ತೆ ಸೈಕಲ್ ಅಂಗಡಿ:

ಮೊನಾಕೊ ಬಿಡಿ. ಅದೇ ವರ್ಷ ತುಲೂಸ್ ಹಂತ ನೋಡಿ. ಅಂಡೋರಾದಲ್ಲಿ ವಿಶ್ರಾಂತಿ ದಿನ ಕುರಿಮಾಂಸ ಬಾರಿಸಿ ಬಂದ ಆಂಕ್ತೀಲ್ ಮರುಬೆಳಿಗ್ಗೆ ಮೊದಲ ಏರಿನಲ್ಲೇ ಸೋತು ಸುಣ್ಣವಾಗಿದ್ದ. ಹೇಗೋ ಇಳಿಜಾರಿನಲ್ಲಿ ಬಂದು ಸೇರಿಕೊಂಡ. ಆಮೇಲೆ ಪೂಲಿದೋರ್‌ನ ಚಕ್ರದ ಕಡ್ಡಿಗಳು ಮುರಿದವು, ಸೈಕಲ್ ಬದಲಾಯಿಸಿದರು, ಮೆಕ್ಯಾನಿಕ್ ಹಿಂದಿನಿಂದ ತಳ್ಳಿದ ರಭಸಕ್ಕೆ ಪೂಲಿದೋರ್ ರಸ್ತೆಗೆ ಬಿದ್ದ. ಎರಡೂವರೆ ನಿಮಿಷ ಹೋಯಿತು.

ತಳ್ಳುವುದಕ್ಕೂ ಒಂದು ಕ್ರಮವಿದೆ. ಕೈ ಸೀಟಿನ ಕೆಳಗೆ ಇರಬೇಕು, ಬೆನ್ನಿನ ಮೇಲಲ್ಲ. ಸವಾರನ ಎರಡೂ ಕಾಲು ಪೆಡಲ್ ಪಟ್ಟಿಯೊಳಗೆ ಕೂತಿದೆಯೇ ಎಂದು ನೋಡಿ, ಮೂರು ಹೆಜ್ಜೆ ಜೊತೆಗೆ ಓಡಿ, ಆಮೇಲೆ ಕೈ ಬಿಡಬೇಕು. ನನ್ನ ಒಂದು ಬದಲಾವಣೆ ಅದೇ: ಆ ಮೆಕ್ಯಾನಿಕ್ ಮೂರು ಹೆಜ್ಜೆ ಓಡಲಿ.

ಗೌರಿಬಿದನೂರು ಗಣಿತ:

ಎರಡೂವರೆ ನಿಮಿಷ ಎಂದರೆ 150 ಸೆಕೆಂಡ್. 150ರಲ್ಲಿ 55 ಕಳೆದರೆ 95. ಮೊನಾಕೊಗಿಂತ ಇದೇ ದೊಡ್ಡದು, ಒಪ್ಪಿದೆ. ಆದರೆ ಅಂಗಡಿಯವರೇ, ಪೂಲಿದೋರ್ ಅಂದು ಬೀಳದಿದ್ದರೆ ಆಂಕ್ತೀಲ್ ಏನು ಮಾಡುತ್ತಿದ್ದ ಎಂದು ನೀವು ಹೇಳಲೇ ಇಲ್ಲ.

ಬಿ.ಬಿ. ರಸ್ತೆ ಸೈಕಲ್ ಅಂಗಡಿ:

ಮಾಂಸ ಬಿಡುತ್ತಿದ್ದ ಎಂದು ಮಾತ್ರ ನಿರೀಕ್ಷಿಸಬೇಡಿ.